ಕಾಲೇಜು ಶಿಕ್ಷಣದಲ್ಲಿ ಸಂಶೋಧನೆ ಮತ್ತು ವಿದ್ವತ್ತು

ಸಂಶೋಧನೆ ವಿಶ್ವವಿದ್ಯಾನಿಲಯದ ಕಾರ್ಯ, ಬೋಧನೆ ಕಾಲೇಜಿನ ಕಾರ್ಯ ಎಂಬ ವಿಭಜನೆ ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಓದುವುದು ಸಂಯೋಜಿತ ಕಾಲೇಜುಗಳಲ್ಲಿಯೇ. ನಾಳಿನ ಶಾಲಾ ಅಧ್ಯಾಪಕರು ಬರುವುದೂ ಅಲ್ಲಿಂದಲೇ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು. ಉತ್ತರಪತ್ರಿಕೆ, ಪರೀಕ್ಷಾ ಕರ್ತವ್ಯಗಳು ಇದರ ಮೇಲೆ. ಹಿಂದಿನ 2010ರ ನಿಯಮಗಳಲ್ಲಿ ಬಡ್ತಿಗಾಗಿ ಅಂಕಗಳನ್ನು ಕೂಡಿಸಬೇಕಿದ್ದುದರಿಂದ ಲೇಖನಗಳ ಸಂಖ್ಯೆಗೇ ಬೆಲೆ ಬಂದು, ಹಣ ಪಡೆದು ಏನನ್ನಾದರೂ ಅಚ್ಚಿಸುವ ಪತ್ರಿಕೆಗಳು ಬೆಳೆದವು. 2018ರ ಮೇ ತಿಂಗಳಿನಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಬಿಡುವು ಕೊಡದೆ ಬರಹ ಕೇಳಿದರೆ ಬೇರೇನು ಬಂದೀತು?

ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲಿ ವಿದ್ವತ್ತನ್ನು ನಾಲ್ಕು ಬಗೆಯಾಗಿ ಕಂಡರು: ಹೊಸತನ್ನು ಶೋಧಿಸುವುದು, ಬೇರೆ ಬೇರೆ ಶಾಸ್ತ್ರಗಳನ್ನು ಬೆಸೆಯುವುದು, ತಿಳಿವನ್ನು ಬಳಕೆಗೆ ತರುವುದು ಮತ್ತು ಬೋಧನೆಯನ್ನೇ ವಿಚಾರಕ್ಕೆ ಒಡ್ಡುವುದು. ಕೊನೆಯದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ತರಗತಿ ಸಾಕು.

ಕಾಸರಗೋಡಿನ ಪದವಿ ತರಗತಿಯೊಂದರಲ್ಲಿ ಮಲಯಾಳ ಮನೆಮಾತಿನ ವಿದ್ಯಾರ್ಥಿನಿ ‘ಅಕ್ಕ ಬಂದನು’ ಎಂದು ಬರೆದಳೆನ್ನೋಣ. ಮಲಯಾಳದ ಕ್ರಿಯಾಪದಕ್ಕೆ ಲಿಂಗಪ್ರತ್ಯಯವಿಲ್ಲ. ‘ವನ್ನು’ ಎಂಬ ಒಂದೇ ರೂಪ ಅವನಿಗೂ ಅವಳಿಗೂ ಸಲ್ಲುತ್ತದೆ. ಕಾರಣ ಸಿಕ್ಕಿತೆಂದು ಅಧ್ಯಾಪಕರು ಇಲ್ಲಿಗೇ ನಿಂತರೆ ಅದು ಬರಿಯ ಊಹೆ. ತುಳುವಿನ ಕ್ರಿಯಾಪದವು ಕನ್ನಡದಂತೆ ಲಿಂಗವನ್ನು ತೋರುತ್ತದೆ. ತುಳು ಮನೆಗಳಿಂದ ಬಂದವರೂ ಅಷ್ಟೇ ಪ್ರಮಾಣದಲ್ಲಿ ಅದೇ ತಪ್ಪು ಮಾಡುತ್ತಿದ್ದರೆ ಕಾರಣವನ್ನು ಬೇರೆಡೆ, ಬಹುಶಃ ಕಲಿಸಿದ ಕ್ರಮದಲ್ಲಿಯೇ, ಹುಡುಕಬೇಕಾಗುತ್ತದೆ. ಎರಡೂ ಗುಂಪಿನ ಬರಹಗಳನ್ನು ಎಣಿಸಿ ಹೋಲಿಸಿದಾಗ ಊಹೆಯು ಸಂಶೋಧನೆಯಾಗುತ್ತದೆ. ಗಡಿಯಾಚೆಯ ಕನ್ನಡ ತರಗತಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮಗುವಿನ ತಪ್ಪನ್ನು ಅದರ ಮನೆಮಾತಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ.

ಇಂತಹ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಶಾಲೆಯಲ್ಲಿದೆ. ಶಾಲಾ ಅಧ್ಯಾಪಕರು ತಿಂಗಳಿಗೊಮ್ಮೆ ಒಂದು ಪ್ರಬಂಧದಿಂದ ದಿನಾಂಕ, ತರಗತಿ, ಮನೆಮಾತು, ತಿದ್ದದ ಮೂಲವಾಕ್ಯ ಇಷ್ಟನ್ನು ಬರೆದಿಟ್ಟು ಸಮೀಪದ ಕಾಲೇಜಿನ ಕನ್ನಡ ವಿಭಾಗದೊಡನೆ ಹಂಚಿಕೊಳ್ಳಬಹುದು. ಮಗುವಿನ ಹೆಸರು ಬೇಕಿಲ್ಲ. ತಪ್ಪುಗಳ ಜೊತೆಗೆ ಅದೇ ರಚನೆಯ ಸರಿಯಾದ ವಾಕ್ಯಗಳನ್ನೂ ಎಣಿಸಿರಬೇಕು. ಹತ್ತು ತಪ್ಪು ಎಂದಷ್ಟೇ ಇದ್ದರೆ ಅದು ಹನ್ನೆರಡರಲ್ಲಿ ಹತ್ತೋ ಇನ್ನೂರರಲ್ಲಿ ಹತ್ತೋ ತಿಳಿಯುವ ಬಗೆಯಿಲ್ಲ.