ಹಳೆಯ ಪಿಕಪ್ ಗಾಡಿಯ ಪ್ಲೇಟು: ಬಲಪಡಿಸುವುದು ಹೇಗೆ, ಎಷ್ಟರ ಮಟ್ಟಿಗೆ?



ಅಡಿಕೆ ಕೊಯ್ಲು ಆರಂಭವಾಗಿ, ಅದರ ಬೆನ್ನಿಗೇ ಅರೇಬಿಕಾ, ಆಮೇಲೆ ರೋಬಸ್ಟಾ ಕೊಯ್ಲಿಗೆ ಬರುವ ತಿಂಗಳುಗಳು ನಮ್ಮ ಗಾಡಿಗಳಿಗೆ ಬಿಡುವಿಲ್ಲದ ಕಾಲ. ಸಂಘದ ಗೋದಾಮಿನ ಅಂಗಳಕ್ಕೆ ಬರುವ ಪಿಕಪ್‌ಗಳಲ್ಲಿ ಹತ್ತಾರು ವರ್ಷ ದುಡಿದು ಹಿಂಭಾಗ ಕುಸಿದವು ಬಹಳ. “ಎರಡು ಪ್ಲೇಟು ಜಾಸ್ತಿ ಹಾಕಿಸಿದ್ದೇನೆ, ಇನ್ನು ಹತ್ತು ಮೂಟೆ ಹೆಚ್ಚು ಹೇರಬಹುದು” ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಈ ಮಾತಿನ ಮೊದಲರ್ಧ ಕೆಲವೊಮ್ಮೆ ಸರಿ. ಎರಡನೆಯ ಅರ್ಧ ಎಂದೂ ಸರಿಯಲ್ಲ. ಏಕೆಂಬುದನ್ನು ತಿಳಿದುಕೊಳ್ಳೋಣ.

ಪ್ಲೇಟಿನ ಲೆಕ್ಕ

ಸ್ಪ್ರಿಂಗ್ ಪ್ಲೇಟುಗಳ ಕಟ್ಟು ಭಾರವನ್ನು ಹೊತ್ತು, ರಸ್ತೆಯ ಏಟನ್ನು ಬಾಗುವ ಮೂಲಕ ನುಂಗುತ್ತದೆ. ಬಾಗಿದ ಕಟ್ಟು ಮತ್ತೆ ಮತ್ತೆ ಕುಪ್ಪಳಿಸದಂತೆ ತಡೆಯುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಆದ್ದರಿಂದ ಕುಸಿದ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ಮಾತ್ರ ಹಾಕಿದರೆ ಎತ್ತರ ಮರಳಿ ಬಾರದು. ಹೊಸ ಪ್ಲೇಟು ಮಾತ್ರ ಹಾಕಿದರೆ ಕುಪ್ಪಳಿಕೆ ನಿಲ್ಲದು.

ಒಂದೇ ದಪ್ಪದ ಐದು ಪ್ಲೇಟಿನ ಕಟ್ಟಿಗೆ ಅಷ್ಟೇ ಉದ್ದದ ಆರನೆಯದನ್ನು ಸೇರಿಸಿದರೆ ಗಡಸುತನ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಆದರೆ ಪ್ಲೇಟಿನ ದಪ್ಪ ಹೆಚ್ಚಿಸಿದರೆ ಲೆಕ್ಕವೇ ಬೇರೆ. ಗಡಸುತನವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿ.ಮೀ. ಪ್ಲೇಟಿನ ಬದಲು 10 ಮಿ.ಮೀ. ಪ್ಲೇಟು ಹಾಕಿದರೆ ಅದು ಹೆಚ್ಚುಕಡಿಮೆ ಎರಡರಷ್ಟು ಗಡುಸು. ಗುಜರಿಯಲ್ಲಿ ಸಿಕ್ಕ ಲಾರಿ ಪ್ಲೇಟನ್ನು ಕತ್ತರಿಸಿ ಪಿಕಪ್ಪಿಗೆ ಸೇರಿಸುವವರು ಇದನ್ನು ಗಮನಿಸಬೇಕು. ಅಂಥ ಗಾಡಿ ಖಾಲಿ ಇರುವಾಗ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತದೆ. ಮಳೆಗಾಲದ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಮೊದಲು ಅಳತೆ, ಆಮೇಲೆ ಖರ್ಚು

1. ಗಾಡಿಯನ್ನು ಖಾಲಿ ಮಾಡಿ ಸಮತಟ್ಟಾದ ಕಣದಲ್ಲಿ ನಿಲ್ಲಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ. ಮಾಮೂಲು ಲೋಡು ಹೇರಿ ಮತ್ತೊಮ್ಮೆ ಅಳೆಯಿರಿ. ಎಡಬಲಕ್ಕೆ ಗಣನೀಯ ವ್ಯತ್ಯಾಸವಿದ್ದರೆ ಒಂದು ಕಡೆ ಪ್ಲೇಟು ತುಂಡಾಗಿರುವ ಸಂಭವವುಂಟು.

2. ಕೆಮ್ಮಣ್ಣು ತೊಳೆದು ಪ್ಲೇಟುಗಳ ಅಂಚನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ. ಅಡ್ಡಲಾಗಿ ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕಿರಬಹುದು, ಬಿಚ್ಚಿಸಿ ಪರೀಕ್ಷಿಸಿ.

3. ಶ್ಯಾಕಲ್ ಮತ್ತು ಬುಷ್‌ಗಳನ್ನು ಸಬ್ಬಲಿನಿಂದ ಮೀಟಿ ನೋಡಿ. ಸಡಿಲವಾದ ಬುಷ್ ಇದ್ದರೆ ಎಷ್ಟು ಪ್ಲೇಟು ಸೇರಿಸಿದರೂ ಗಾಡಿ ಓಲಾಡುತ್ತದೆ.

4. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿದ್ದರೆ, ಮೂಲೆಯನ್ನು ಒತ್ತಿ ಬಿಟ್ಟಾಗ ಗಾಡಿ ಒಂದೆರಡು ಸಲಕ್ಕಿಂತ ಹೆಚ್ಚು ಕುಣಿದರೆ, ಅದರ ಆಯುಸ್ಸು ಮುಗಿದಂತೆ.

ರಿಪೇರಿಯ ಕ್ರಮ

ಕುಸಿದ ಕಟ್ಟನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸುವ ಅಭ್ಯಾಸ ಕೆಲವು ಕಡೆ ಇದೆ. ಹಾಗೆ ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಪ್ಲೇಟಿಗೆ ವೆಲ್ಡಿಂಗ್ ಹಾಕುವುದೂ ಅಷ್ಟೇ ಅಪಾಯ. ಗಾಡಿಯ ಮಾದರಿಗೆ ಸರಿಯಾದ ಹೊಸ ಕಟ್ಟು ಹಾಕಿಸುವುದೇ ಕೊನೆಗೆ ಅಗ್ಗ. ಎಡಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು.

ಕಟ್ಟು ಬಿಚ್ಚಿದಾಗ ಯು-ಬೋಲ್ಟು, ಸೆಂಟರ್ ಬೋಲ್ಟು ಹೊಸದೇ ಇರಲಿ. ಯು-ಬೋಲ್ಟು ಸಡಿಲವಾದರೆ ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ, ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಮೊದಲ ಕೆಲವು ಲೋಡು ಓಡಿದ ಮೇಲೆ ಯು-ಬೋಲ್ಟನ್ನು ಮತ್ತೆ ಬಿಗಿ ಮಾಡಿಸಲು ಮರೆಯಬೇಡಿ. ರಬ್ಬರ್ ಬುಷ್ ಇರುವ ಕಡೆ ಕೊನೆಯ ಬಿಗಿಯನ್ನು ಗಾಡಿ ಜಾಕಿನ ಮೇಲಿರುವಾಗಲ್ಲ, ಚಕ್ರದ ಮೇಲೆ ನಿಂತಿರುವಾಗ ಕೊಡಬೇಕು. ಇಲ್ಲವಾದರೆ ರಬ್ಬರು ತಿರುಚಿ ಬೇಗ ಹರಿಯುತ್ತದೆ.

ಇಷ್ಟಾದ ಮೇಲೂ ನ್ಯಾಯವಾದ ಲೋಡಿಗೇ ಹಿಂಭಾಗ ತೀರಾ ಇಳಿಯುವುದಾದರೆ, ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಪ್ಲೇಟಿನ ವಿಚಾರವನ್ನು ಕಂಪನಿಯ ವರ್ಕ್‌ಶಾಪಿನಲ್ಲಿ ಕೇಳಿ ತೀರ್ಮಾನಿಸಬಹುದು. ಖಾಲಿ ಗಾಡಿಯ ಓಟವನ್ನು ಇದು ಅಷ್ಟಾಗಿ ಕೆಡಿಸುವುದಿಲ್ಲ.

ಪ್ಲೇಟು ಹೆಚ್ಚಿದರೆ ಶಕ್ತಿ ಹೆಚ್ಚಿತೇ?

ಇಲ್ಲ. ಗಾಡಿಯ ಸಾಮರ್ಥ್ಯವನ್ನು ಆಕ್ಸಲ್, ವೀಲ್ ಬೇರಿಂಗ್, ಟೈರು, ಛಾಸಿ, ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕು ನಿರ್ಧರಿಸುತ್ತವೆ. ಪ್ಲೇಟು ಸೇರಿಸಿದಾಗ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ಬದಲಾಗುವುದು ನಮ್ಮ ಕಣ್ಣಿಗೆ ಸಿಗುತ್ತಿದ್ದ ಎಚ್ಚರಿಕೆ ಮಾತ್ರ. ಕುಸಿದ ಗಾಡಿ ‘ಭಾರ ಹೆಚ್ಚಾಯಿತು’ ಎಂದು ತೋರಿಸುತ್ತಿತ್ತು. ಗಡುಸು ಪ್ಲೇಟಿನ ಗಾಡಿ ಅದನ್ನು ಮುಚ್ಚಿಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ಇಳಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಪ್ಲೇಟು ಗಡುಸಾಗಿ ಹಿಂಭಾಗ ಇಳಿಯದಿದ್ದರೆ ಆ ವಾಲ್ವ್ ಗಾಡಿ ಖಾಲಿಯೆಂದೇ ತಿಳಿಯುತ್ತದೆ. ತುಂಬಿದ ಲೋಡಿನಲ್ಲಿ ಹಿಂದಿನ ಬ್ರೇಕು ಸಾಲದೆ ಹೋಗುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ಲೇಟು ಬದಲಾಯಿಸಿದ ಮೇಲೆ ಈ ವಾಲ್ವನ್ನು ಸರಿಹೊಂದಿಸಿಕೊಡುವಂತೆ ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ.

ಮೂಟೆಯ ಲೆಕ್ಕ

ಆರ್.ಸಿ. ಪುಸ್ತಕದಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ. ಉದಾಹರಣೆಗೆ ಒಟ್ಟು ತೂಕ 2,700 ಕೆ.ಜಿ., ಖಾಲಿ ತೂಕ 1,600 ಕೆ.ಜಿ. ಎಂದಿಟ್ಟುಕೊಳ್ಳಿ. ಉಳಿದ 1,100ರಲ್ಲಿ ಡ್ರೈವರ್ ಮತ್ತು ಜೊತೆಗೊಬ್ಬರಿಗೆ 140 ಕಳೆದರೆ 960 ಕೆ.ಜಿ. ಅಂದರೆ 50 ಕೆ.ಜಿ.ಯ ಚೆರ್ರಿ ಮೂಟೆ 19 ಮಾತ್ರ. ಈ ಸಂಖ್ಯೆಯನ್ನು ಡ್ರೈವರ್ ಎದುರಿಗೆ ಕಾಣುವಂತೆ ಬರೆಸಿಡಿ.

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್.ಸಿ. ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಾದ ಮೇಲೆ ಅಧಿಕ ಭಾರಕ್ಕೆ 194ನೇ ಕಲಮಿನಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ದಂಡವನ್ನು ಹೇಗೋ ಕಟ್ಟಬಹುದು. ಆದರೆ ನಮ್ಮಲ್ಲಿ ಮೂಟೆಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವ ರೂಢಿ ಇನ್ನೂ ಹೋಗಿಲ್ಲ. ಪ್ಲೇಟು ತುಂಡಾದರೆ, ಬ್ರೇಕು ಸೋತರೆ, ಮೊದಲು ಪ್ರಪಾತಕ್ಕೆ ಬೀಳುವವರು ಅವರೇ. ಕೊಯ್ಲಿಗೆ ಬಂದವರನ್ನು ಸಂಜೆ ಸುರಕ್ಷಿತವಾಗಿ ಮನೆ ಸೇರಿಸುವ ಹೊಣೆ ತೋಟದ ಯಜಮಾನರದು. ಹೆಚ್ಚಿಗೆ ಒಂದು ಟ್ರಿಪ್ಪಿಗೆ ಬೀಳುವ ಡೀಸೆಲ್ ಖರ್ಚು ಆ ಹೊಣೆಯ ಮುಂದೆ ದೊಡ್ಡದಲ್ಲ.

ಸದಸ್ಯರು ಕೊಯ್ಲಿನ ಗಡಿಬಿಡಿಗೆ ಮುನ್ನವೇ ಗಾಡಿಗಳನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿ ವಿನಂತಿ.

– ಕಾರ್ಯದರ್ಶಿ