ಹಂದಿ ರೂಪಾಯಿಯ ಬೆಲೆ

1911ರಲ್ಲಿ ಐದನೇ ಜಾರ್ಜ್ ದೊರೆಯ ಹೊಸ ಬೆಳ್ಳಿ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೊಂದು ಪುಟ್ಟ ಆನೆ. ಅಚ್ಚು ಕೊರೆದವರು ಅದರ ಸೊಂಡಿಲನ್ನು ಮೊಂಡಾಗಿಯೂ ಕಾಲನ್ನು ಗಿಡ್ಡವಾಗಿಯೂ ಮಾಡಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು, ಸರ್ಕಾರ ನಾಣ್ಯವನ್ನು ತಡೆಹಿಡಿಯಿತು, 1912ರ ರೂಪಾಯಿಯಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಬೆಳ್ಳಿ ಅದೇ, ತೂಕ ಅದೇ. ಕಾಳಿನಷ್ಟು ಚಿತ್ರವೊಂದು ಸರಿಯಿಲ್ಲವೆಂದು ದುಡ್ಡೇ ಓಡಲಿಲ್ಲ. ಸಂಗ್ರಾಹಕರು ಇವತ್ತಿಗೂ ಅದನ್ನು ಹಂದಿ ರೂಪಾಯಿ ಎಂದೇ ಕರೆಯುತ್ತಾರೆ.

ನನ್ನ ಬಳಿ ಒಂದಿದೆ. ಮನೆಗೆ ಬಂದವರಿಗೆ ತೋರಿಸಿದರೆ ಕಥೆ ಕೇಳಿ ಖುಷಿಪಡುತ್ತಾರೆ, ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ‘ಈಗ ಇದು ಎಷ್ಟಕ್ಕೆ ಹೋಗುತ್ತೆ?’ ಹಣಕಾಸಿನ ಬಗ್ಗೆ ಬರೆಯುವವನಾದ್ದರಿಂದ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಆ ಕಾಲದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ ಸುಮಾರು 91.7 ಭಾಗ ಬೆಳ್ಳಿ. ಹಾಗಾಗಿ ಮಾರುವ ದಿನದ ಬೆಳ್ಳಿ ದರವೇ ಅದರ ತಳ. ಅದಕ್ಕಿಂತ ಕೆಳಗೆ ಯಾರೂ ಕೇಳುವಂತಿಲ್ಲ. ತಳದ ಮೇಲೆ ಎಷ್ಟು ಎನ್ನುವುದನ್ನು ವಯಸ್ಸು ತೀರ್ಮಾನಿಸುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದೇ ಲೆಕ್ಕ. ಹಂದಿ ರೂಪಾಯಿ ಸಾಕಷ್ಟು ಉಳಿದಿದೆ, ಸವೆದದ್ದು ಕೆಲವು ಸಾವಿರಕ್ಕೆ ಸಿಗುತ್ತದೆ. ಅದಕ್ಕಿಂತ ಎಳೆಯದಾದ 1939ರ ಆರನೇ ಜಾರ್ಜ್ ರೂಪಾಯಿಗೆ ಹೇಳಿಕೊಳ್ಳುವಂಥ ಕಥೆಯಿಲ್ಲ, ಆದರೆ ಅದು ಬಲು ಅಪರೂಪ. ಹರಾಜಿಗೆ ಬಂದರೆ ಪೈಪೋಟಿಯೇ ನಡೆಯುತ್ತದೆ. ಅಪರೂಪವಾದ್ದರಿಂದಲೇ ಅದರ ನಕಲಿಗಳೂ ಬಂದಿವೆ ಎಂಬುದು ನೆನಪಿರಲಿ.

ಸ್ಥಿತಿಯ ಮಾತು ಬಂದಾಗ ನಮ್ಮ ಮನೆಗಳ ಒಂದು ಅಭ್ಯಾಸ ನೆನೆದು ಸಂಕಟವಾಗುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ರಾಣಿ ಛಾಪಿನ ರೂಪಾಯಿಗಳನ್ನೆಲ್ಲ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಬೆಳಗುತ್ತೇವೆ. ನೂರು ವರ್ಷದಲ್ಲಿ ಕೂತ ಬೂದುಗಪ್ಪು ಪದರ ಒಂದೇ ಬೆಳಗ್ಗೆ ಹೋಗುತ್ತದೆ, ಜೊತೆಗೆ ರಾಣಿಯ ಕೂದಲಿನ ಎಳೆಯೂ. ಬಲ್ಲ ಸಂಗ್ರಾಹಕ ಆ ಹೊಳಪನ್ನು ನೋಡಿದ ತಕ್ಷಣ ಬೆಲೆ ಇಳಿಸುತ್ತಾನೆ. ಪೂಜೆಗೆ ಒಂದೆರಡು ಎತ್ತಿಟ್ಟುಕೊಂಡು ಉಳಿದವನ್ನು ಹಾಗೇ ಬಿಡಿ.

ನನಗೆ ತುಂಬ ಇಷ್ಟವಾದ ನಾಣ್ಯ ಬೆಳ್ಳಿಯದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು, ಕೆಲವೇ ನೂರು ರೂಪಾಯಿಗೆ ಕೊಂಡದ್ದು. ಮುಂಬದಿಯಲ್ಲಿ ಸಿಂಹ, ಮೇಲೆ ‘ಶ್ರೀ ಚಾಮುಂಡಿ’. ಹಿಂಬದಿಯಲ್ಲಿ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಲಿಪಿಗಳು ಆ ಪುಟ್ಟ ಜಾಗದಲ್ಲೇ ಒತ್ತರಿಸಿಕೊಂಡಿವೆ. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ನನ್ನ ಕಾಸಿನಲ್ಲಿ ಸಿಂಹದ ಬಾಲ ಅಂಚಿನಾಚೆಗೆ ಹೋಗಿದೆ. ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ತಿರುಗಿಸಿದರೆ ‘ಕಾಸು’ ಎಂಬ ಅಕ್ಷರಗಳು ಎದ್ದು ಕಾಣುತ್ತವೆ. ಸಂತೆಯಲ್ಲಿ ಸೊಪ್ಪು ಕೊಂಡವರು, ಮಗ್ಗದವರು, ಕಂಪನಿಯ ಗುಮಾಸ್ತರು, ಎಲ್ಲರೂ ಓದಿಕೊಳ್ಳಲಿ ಎಂದು ಕೊರೆಸಿದ ಹಣ ಇದು.

ಇದಕ್ಕೂ ಮುಂಚೆ, 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅಲ್ಲಿನ ವರಹದ ಮೇಲಿದ್ದ ಶಿವಪಾರ್ವತಿಯರನ್ನು ತೆಗೆಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ವರ್ತಕರಿಗೆ ಪರಿಚಿತವಾದ ಮುಖವನ್ನು ಬದಲಿಸಿದರೆ ಹಣದ ಮೇಲಿನ ನಂಬಿಕೆ ಕದಲುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದ ಎಂದೇ ನಾನು ಓದಿಕೊಳ್ಳುತ್ತೇನೆ. ನಮ್ಮ ಕಾಲದಲ್ಲಿ ಹತ್ತು ರೂಪಾಯಿ ನಾಣ್ಯವನ್ನು ಅಂಗಡಿಯವರು, ಬಸ್ಸಿನವರು ‘ಇದು ನಡೆಯಲ್ಲ’ ಎಂದು ಹಿಂದಕ್ಕೆ ಕೊಟ್ಟದ್ದಕ್ಕೂ ಕಾರಣ ಇದೇ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟನೆ ಕೊಡಬೇಕಾಯಿತು: ಈ ನಾಣ್ಯಕ್ಕೆ 14 ವಿನ್ಯಾಸಗಳಿವೆ, ಹದಿನಾಲ್ಕೂ ಚಲಾವಣೆಯವೇ. ಇಷ್ಟೊಂದು ಮುಖಗಳಿದ್ದರೆ ಜನ ಅನುಮಾನಿಸದೆ ಇನ್ನೇನು ಮಾಡಿಯಾರು?

ನಾಣ್ಯ ಕೂಡಿಡುವ ಈ ಸಂತೋಷಕ್ಕೆ ನಾನು ಹಾಕುವ ಹಣವನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುತ್ತೇನೆ, ಹೂಡಿಕೆಯ ಪಟ್ಟಿಯಲ್ಲಿ ಅಲ್ಲ. ನನ್ನ ಬಳಿ ಜೋಡಿಯಾಗಿದ್ದ ಕೆಲವನ್ನು ವ್ಯಾಪಾರಿಯೊಬ್ಬರಿಗೆ ಕೊಟ್ಟಾಗ ಅವರು ಹೇಳಿದ ದರ, ಅದೇ ನಾಣ್ಯಕ್ಕೆ ಅವರ ಗಾಜಿನ ಪೆಟ್ಟಿಗೆಯಲ್ಲಿದ್ದ ಚೀಟಿಗಿಂತ ಎಷ್ಟೋ ಕಡಿಮೆ. ಅದರಲ್ಲಿ ಮೋಸವೇನಿಲ್ಲ: ಅಂಗಡಿ ಬಾಡಿಗೆ, ಗಿರಾಕಿ ಬರುವವರೆಗಿನ ಕಾಯುವಿಕೆ, ಎಲ್ಲವೂ ಆ ಅಂತರದಲ್ಲೇ ಹುಟ್ಟಬೇಕು. ಹರಾಜಿಗೆ ಹಾಕಿದರೆ ಕಮಿಷನ್ ಇದೆ. ಮಗಳ ಫೀಸು ಕಟ್ಟಬೇಕಾದ ದಿನ ನಾಣ್ಯ ಹಣವಾಗಿ ಕೈಗೆ ಬರುವುದಿಲ್ಲ. ಕೊಳ್ಳುವವರು ಮೊದಲು ಒಂದು ಒಳ್ಳೆಯ ಕ್ಯಾಟಲಾಗ್ ಕೊಳ್ಳಲಿ, ಆಮೇಲೆ ಒಂದೇ ವಂಶವನ್ನೋ ಒಂದೇ ಟಂಕಸಾಲೆಯನ್ನೋ ಆರಿಸಿಕೊಳ್ಳಲಿ. ಖರ್ಚೇ ಬೇಡವೆನ್ನುವ ಮಕ್ಕಳಿಗೆ ಜೇಬಿನ ಚಿಲ್ಲರೆಯೇ ಸಾಕು: ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ವಸೂಲಿ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಪಾಯ ಅಗೆಯುವಾಗ ಬಂಗಾರದ ನಾಣ್ಯ ಸಿಕ್ಕಿವೆ ಎನ್ನುವವರ ದಾರಿಯೂ ಗೊತ್ತಿರಲಿ. ಪರೀಕ್ಷೆಗೆಂದು ಕೊಡುವ ಒಂದು ಅಸಲಿ, ಆಮೇಲೆ ಕೊಡುವ ಚೀಲದ ತುಂಬ ಹಿತ್ತಾಳೆ.

ವಿದೇಶದಲ್ಲಿ ಮಕ್ಕಳಿರುವವರಿಗೆ ಇನ್ನೊಂದು ವಿಷಯ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಟಿಪ್ಪುವಿನ ಆನೆ ಕಾಸು ಬೇಕೆಂದು ಕೇಳಿದ್ದ. ಅದರ ಬದಲು 1950ರ ಒಂದಾಣೆ ಕೊಟ್ಟು ಕಳಿಸಿದೆ. ಅಲೆಅಂಚಿನ ಬಿಲ್ಲೆ, ಒಂದು ಬದಿ ಸಾರನಾಥದ ಸಿಂಹಗಳು, ಇನ್ನೊಂದು ಬದಿ ಡುಬ್ಬದ ಗೂಳಿ. ದೊರೆಯ ತಲೆ ಹೋಗಿ ಗಣರಾಜ್ಯದ ಚಿಹ್ನೆ ಬಂದ ಮೊದಲ ಸರಣಿಯದು. 2050ರವರೆಗೆ ಆ ಕಾಯ್ದೆಯ ನೂರು ವರ್ಷದ ಲೆಕ್ಕಕ್ಕೆ ಅದು ಬರುವುದಿಲ್ಲ.