ರಾತ್ರಿ ಕೈ ಜೋಮು ಹಿಡಿಯುತ್ತಿದೆಯೇ? ಜೋಡಣೆ ಕೆಲಸದವರು ಓದಲೇಬೇಕಾದ ಮಾಹಿತಿ

ಪೀತಮ್‌ಪುರದ ಸುತ್ತಮುತ್ತ ಇದ್ದು ವಜೀರ್‌ಪುರ, ಬಾದ್ಲಿ, ಬವಾನಾ ಕಡೆಯ ಕಾರ್ಖಾನೆಗಳಿಗೆ ಹೋಗುವ ನಮ್ಮವರಿಗಾಗಿ ಈ ಬಾರಿಯ ಲೇಖನ. ಫ್ಯಾನು, ಸ್ವಿಚ್ಚು, ಮೀಟರು, ಮಿಕ್ಸಿ, ಏನೇ ಇರಲಿ, ಬಿಡಿಭಾಗ ಕೂಡಿಸಿ ಸ್ಕ್ರೂ ಬಿಗಿಯುವ ಅಸೆಂಬ್ಲಿ ಕೆಲಸದಲ್ಲಿ ಸೋಲುವುದು ಸೊಂಟವಷ್ಟೇ ಅಲ್ಲ, ಮಣಿಕಟ್ಟು ಕೂಡ.

ಮಣಿಕಟ್ಟಿನ ಒಳಭಾಗದಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಕಿರಿದಾದ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಹಾದುಹೋಗಬೇಕು. ದಿನವಿಡೀ ಬಲವಾಗಿ ಹಿಡಿದು, ಮಣಿಕಟ್ಟು ಬಗ್ಗಿಸಿ ಒಂದೇ ಚಲನೆ ಮಾಡಿದರೆ ಒಳಗೆ ಊತ ಬಂದು ನರ ಒತ್ತುತ್ತದೆ. ಅದರ ಮೇಲೆ ಅದುರುವ ಪವರ್ ಟೂಲ್ ಹಿಡಿದರಂತೂ ಕೇಳುವುದೇ ಬೇಡ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಿಗೂ ಗರ್ಭಿಣಿಯರಿಗೂ ಬೇಗ ಬರುತ್ತದೆ.

ಗುರುತಿಸುವುದು ಕಷ್ಟವಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳಿನ ಅರ್ಧ: ಇಷ್ಟೇ ಜುಮ್ಮೆನ್ನುತ್ತದೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗುತ್ತದೆ, ಕೈ ಕೊಡವಿದರೆ ಹಾಯೆನಿಸುತ್ತದೆ. ಎರಡೂ ಹಸ್ತಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ 60 ಸೆಕೆಂಡು ಹಿಡಿದು ನೋಡಿ. ಅದೇ ಬೆರಳುಗಳಲ್ಲಿ ಜೋಮು ಬಂದರೆ ಅನುಮಾನ ಬಲವಾಗುತ್ತದೆ. ಆದರೆ ಒಂದು ಬದಿಯ ಕೈಗೆ ಇದ್ದಕ್ಕಿದ್ದಂತೆ ಶಕ್ತಿ ಇಲ್ಲವಾಗಿ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಬೇರೆಯೇ ವಿಷಯ, ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಓಡಿ.

ಇಲ್ಲಿನ ಡಾಕ್ಟರ ಹತ್ತಿರ ನಮ್ಮವರು ಹೆಚ್ಚಾಗಿ "ಹಾಥ್ ಮೇ ದರ್ದ್" ಎಂದಷ್ಟೇ ಹೇಳಿ ನೋವಿನ ಮಾತ್ರೆ ತಂದುಬಿಡುತ್ತಾರೆ. ಜೋಮಿಗೆ "ಝುನ್‌ಝುನಿ", ಮರಗಟ್ಟುವುದಕ್ಕೆ "ಸುನ್ನ್" ಎನ್ನಿ, ಯಾವ ಬೆರಳು ಎಂದು ಮುಟ್ಟಿ ತೋರಿಸಿ, ರಾತ್ರಿ ಹೆಚ್ಚು ಎಂಬುದನ್ನೂ ಹೇಳಿ, ಮಾಡುವ ಕೆಲಸವನ್ನೂ ಹೇಳಿ. ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ದಿನಾ ನೋವಿನ ಮಾತ್ರೆ ನುಂಗಿದರೆ ನರದ ಒತ್ತಡ ಹೋಗುವುದಿಲ್ಲ, ಹೊಟ್ಟೆ ಮತ್ತು ಕಿಡ್ನಿಗೆ ಮಾತ್ರ ಪೆಟ್ಟು.

ಆರಂಭದಲ್ಲಿ, ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ಕೆಲವು ವಾರ ರಾತ್ರಿ ಕಟ್ಟಿ ಮಲಗಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಕೆಲಸದ ಮೇಜು ಮೊಣಕೈ ಮಟ್ಟದಲ್ಲಿರಲಿ. ಗಿಡ್ಡಗಿದ್ದವರು ಕಾಲಡಿ ಹಲಗೆ ಹಾಕಿಕೊಳ್ಳಿ. ತೆಳುವಾದ ಹಿಡಿಯ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಡಿಲವಾಗುತ್ತದೆ. ಆದರೆ ತಿರುಗುವ ಯಂತ್ರದ ಹತ್ತಿರ ಬಟ್ಟೆ ಬೇಡ. ಕೈ ನೋಯುವಷ್ಟು ದಿನ ಮನೆಯಲ್ಲಿ ಮುದ್ದೆ ತಿರುವುವುದು, ಬಟ್ಟೆ ಹಿಂಡುವುದು ಬೇರೆಯವರ ಪಾಲಿಗಿರಲಿ. (ಗಂಡಸರು ಮುದ್ದೆ ತಿರುವಿದರೆ ಗಂಟಾಗುತ್ತದೆ ಎಂಬುದು ಬರೀ ನೆಪ!)

ಹೆಬ್ಬೆರಳ ಬುಡದ ಮಾಂಸ ಇಳಿದು ಚಪ್ಪಟೆಯಾಗುತ್ತಿದ್ದರೆ, ಸ್ಕ್ರೂ ಕೈಜಾರಿ ಬೀಳುತ್ತಿದ್ದರೆ ತಡಮಾಡಬೇಡಿ. ಆ ಹಂತದಲ್ಲಿ ನರಕ್ಕೆ ಶಾಶ್ವತ ಹಾನಿಯಾಗಬಹುದು. ಆಗ ಬೇಕಾಗುವುದು ಕೈಯಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ಖರ್ಚಿನ ಭಯದಿಂದಲೇ ಬಹಳ ಜನ ಮುಂದೂಡುತ್ತಾರೆ. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಇದೆ. ನೌಕರನಿಂದ ಶೇ. 0.75, ಮಾಲೀಕನಿಂದ ಶೇ. 3.25 ಕಟ್ಟಲಾಗುತ್ತದೆ. ಸಂಬಳದ ಚೀಟಿಯಲ್ಲಿ ಈ ಕಡಿತ ಇದೆಯೇ ನೋಡಿ, ಇದ್ದರೆ ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ಗುತ್ತಿಗೆದಾರನ ಮೂಲಕ ಸೇರಿದವರಿಗೂ ಇದು ಅನ್ವಯಿಸುತ್ತದೆ. ಪೀತಮ್‌ಪುರಕ್ಕೆ ರೋಹಿಣಿ ಸೆಕ್ಟರ್ 15ರ ಇಎಸ್‌ಐ ಆಸ್ಪತ್ರೆ ಹತ್ತಿರ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಡಾಕ್ಟರು ಬರೆದುಕೊಟ್ಟ ರಜೆಗೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಊರಿನಲ್ಲೇ ಇರುವ ಹೆಂಡತಿ ಮಕ್ಕಳ ಹೆಸರು, ವಿಳಾಸವನ್ನೂ ಅದೇ ನಂಬರಿಗೆ ಸೇರಿಸಿದರೆ ಅವರು ಕರ್ನಾಟಕದ ಇಎಸ್‌ಐ ಚಿಕಿತ್ಸಾಲಯದಲ್ಲೇ ತೋರಿಸಿಕೊಳ್ಳಬಹುದು.